ಮನೆಯಲ್ಲಿ ಬರುತ್ತೆ, ಲ್ಯಾಬಲ್ಲಿ ಬರಲ್ಲ: ವರ್ಚುವಲ್ ಮೆಷಿನ್ ಇಂಟರ್ನೆಟ್ಟಿನ ಒಂದು ಪ್ರಕರಣ

ಇದು ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ನಡೆದದ್ದು. ಕಾಲೇಜು ಯಾವುದು, ಯಾವ ಊರು, ಯಾರ್ಯಾರು ಇದ್ದರು ಎಂದು ಹೇಳುವುದಿಲ್ಲ. ಗುರುತು ಸಿಗಬಾರದೆಂದು ಐಪಿ ವಿಳಾಸಗಳಲ್ಲೂ, ಅಂದರೆ ನೆಟ್‌ವರ್ಕಿನಲ್ಲಿ ಪ್ರತಿ ಕಂಪ್ಯೂಟರಿಗೂ ಇರುವ ನಂಬರುಗಳಲ್ಲೂ, ಕೆಲವು ಅಂಕಿಗಳನ್ನು ಬದಲಿಸಿದ್ದೇನೆ. ಆದರೆ ತೊಂದರೆ ಹುಟ್ಟಿದ್ದೇ 10.0.2 ಎನ್ನುವ ಅಂಕಿಗಳಿಂದ. ಅವನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ. ಇದೇ ತೊಂದರೆ ಬೇರೆ ಕಾಲೇಜುಗಳಲ್ಲೂ, ಸಣ್ಣ ಆಫೀಸುಗಳಲ್ಲೂ ಬರಬಹುದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಲ್ಯಾಬಿನ ಕಂಪ್ಯೂಟರ್‌ಗಳಲ್ಲೆಲ್ಲ ವಿಂಡೋಸ್. ಲಿನಕ್ಸ್ ಕಲಿಸಲು ವರ್ಚುವಲ್‌ಬಾಕ್ಸ್ ಎನ್ನುವ ಸಾಫ್ಟ್‌ವೇರ್ ಹಾಕಿ, ಅದರೊಳಗೆ ಉಬುಂಟು ಸರ್ವರ್ ಎನ್ನುವ ಲಿನಕ್ಸ್ ಓಡಿಸುವುದೆಂದು ತೀರ್ಮಾನವಾಗಿತ್ತು. ಹೀಗೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಕಂಪ್ಯೂಟರೇ ವರ್ಚುವಲ್ ಮೆಷಿನ್. ವಿದ್ಯಾರ್ಥಿಗಳು ವೆಬ್ ಸರ್ವರ್ ಹಾಕಬೇಕು, ಡೇಟಾಬೇಸ್ ಹಾಕಬೇಕು, ಗಿಟ್ (ಕೋಡ್ ಇಟ್ಟು ಹಂಚಿಕೊಳ್ಳುವ ಸಾಧನ) ಬಳಸಿ ಕೋಡ್ ಇಳಿಸಿಕೊಳ್ಳಬೇಕು. ಮುಂದೆ ಒಂದೇ ಕಂಪ್ಯೂಟರಿನಲ್ಲಿ ಎರಡು ವರ್ಚುವಲ್ ಮೆಷಿನ್ ಓಡಿಸಿ, ಒಂದನ್ನು ಸರ್ವರ್, ಇನ್ನೊಂದನ್ನು ಕ್ಲೈಂಟ್ ಮಾಡಬೇಕು. ಇಂಟರ್ನೆಟ್ ಇಲ್ಲದಿದ್ದರೆ ಮೊದಲ ಪ್ರಯೋಗವೇ ನಡೆಯುವುದಿಲ್ಲ.

ಕಾಲೇಜಿನ ನೆಟ್‌ವರ್ಕಿನಲ್ಲಿ ಕಾವಲು ಜಾಸ್ತಿ. ಪ್ರತಿಯೊಬ್ಬರೂ ಬ್ರೌಸರ್‌ನಲ್ಲಿ ಲಾಗಿನ್ ಆದ ಮೇಲೆಯೇ ಹೊರಗಿನ ಇಂಟರ್ನೆಟ್ ಸಿಗುತ್ತದೆ. ಲ್ಯಾಬಿನ ಸ್ವಿಚ್‌ನಲ್ಲಿ ಪೋರ್ಟ್ ಸೆಕ್ಯುರಿಟಿ ಇದೆ. ಅಂದರೆ ಒಂದು ಪೋರ್ಟಿಗೆ (ಕೇಬಲ್ ಚುಚ್ಚುವ ಜಾಗಕ್ಕೆ) ಒಂದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ). ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್‌ಗಳಲ್ಲಿ ಹೊರಗಿನವನ್ನು ಬಳಸುವಂತಿಲ್ಲ, ಕಾಲೇಜಿನದ್ದನ್ನೇ ಕೇಳಬೇಕು. ಇವೆಲ್ಲ ಬೇಡದ ಕಟ್ಟುಪಾಡು ಎಂದು ನನಗೆ ಅನ್ನಿಸಲಿಲ್ಲ. ನೂರಾರು ಹುಡುಗರು ಬಳಸುವ ನೆಟ್‌ವರ್ಕನ್ನು ಹೀಗೇ ಕಾಯಬೇಕಾಗುತ್ತದೆ. ತೊಂದರೆ ಇದ್ದದ್ದು ಬೇರೆ ಕಡೆ: ಈ ನಿಯಮಗಳನ್ನು ಮಾಡಿದವರಿಗೂ ವರ್ಚುವಲ್ ಮೆಷಿನ್ ಹಾಕಿದವರಿಗೂ ಮಾತುಕತೆಯೇ ಆಗಿರಲಿಲ್ಲ.

ಬ್ರಿಡ್ಜ್ ಹಾಕಿದ ದಿನ

ನಾನು ಹೋಗುವ ಮೊದಲೇ ಒಂದು ಪ್ರಯತ್ನ ಆಗಿತ್ತು. ಲ್ಯಾಬ್ ನೋಡಿಕೊಳ್ಳುವ ಮೇಡಂ ಓದಿದ್ದ ಟಿಪ್ಪಣಿಯಲ್ಲಿ ‘ಬ್ರಿಡ್ಜ್ಡ್ ಅಡಾಪ್ಟರ್ ಆರಿಸಿ’ ಎಂದಿತ್ತು. ಮನೆಯ ರೌಟರ್‌ಗೆ ಅದು ಸರಿಯಾದ ಸಲಹೆಯೇ. ಬ್ರಿಡ್ಜ್ ಹಾಕಿದರೆ ವರ್ಚುವಲ್ ಮೆಷಿನ್ ತನ್ನದೇ ಮ್ಯಾಕ್ ವಿಳಾಸದೊಂದಿಗೆ ನೇರವಾಗಿ ಹೊರಗಿನ ನೆಟ್‌ವರ್ಕಿಗೆ ಬಂದು ನಿಲ್ಲುತ್ತದೆ. ರೌಟರ್ ಅದನ್ನು ಇನ್ನೊಂದು ಕಂಪ್ಯೂಟರ್ ಎಂದುಕೊಂಡು ಐಪಿ ಕೊಡುತ್ತದೆ.

ಲ್ಯಾಬಿನಲ್ಲಿ ಆದದ್ದೇ ಬೇರೆ. ಒಂದೇ ಪೋರ್ಟಿನಲ್ಲಿ ಎರಡನೇ ಮ್ಯಾಕ್ ವಿಳಾಸ ಕಂಡ ಕೂಡಲೇ ಸ್ವಿಚ್ ಆ ಪೋರ್ಟನ್ನೇ ಮುಚ್ಚಿತು. ವರ್ಚುವಲ್ ಮೆಷಿನ್‌ಗೆ ಇಂಟರ್ನೆಟ್ ಬರಲಿಲ್ಲ, ಜೊತೆಗೆ ವಿಂಡೋಸ್‌ಗಿದ್ದದ್ದೂ ಹೋಯಿತು. ಹುಡುಗರು ಒಬ್ಬೊಬ್ಬರಾಗಿ ಮೆಷಿನ್ ಆನ್ ಮಾಡುತ್ತಾ ಹೋದ ಹಾಗೆ ಸಾಲಿಗೆ ಸಾಲೇ ಕಡಿದುಹೋಯಿತು. ಮುಚ್ಚಿದ ಪೋರ್ಟನ್ನು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವ ಅಡ್ಮಿನ್ ಕೈಯಾರೆ ತೆಗೆಯಬೇಕು. ಅಂದಿನ ಲ್ಯಾಬ್ ಅಲ್ಲಿಗೇ ಮುಗಿಯಿತು.

ಅಡ್ಮಿನ್‌ಗೆ ಕಾರಣ ಹಿಡಿಯಲು ಕಷ್ಟವಾಗಲಿಲ್ಲ. ಸ್ವಿಚ್‌ನ ಲಾಗ್‌ನಲ್ಲಿದ್ದ ಹೊಸ ಮ್ಯಾಕ್ ವಿಳಾಸಗಳೆಲ್ಲ 08:00:27ರಿಂದ ಶುರುವಾಗಿದ್ದವು. ವರ್ಚುವಲ್‌ಬಾಕ್ಸ್ ತನ್ನ ಮೆಷಿನ್‌ಗಳಿಗೆ ಕೊಡುವ ವಿಳಾಸ ಹಾಗೇ ಇರುತ್ತದೆ. ಅವರು ಮೇಡಂಗೆ ಫೋನ್ ಮಾಡಿ, ‘ಮೇಡಂ, ವರ್ಚುವಲ್ ಮೆಷಿನ್ ಈ ನೆಟ್‌ವರ್ಕಲ್ಲಿ ಆಗಲ್ಲ’ ಎಂದುಬಿಟ್ಟರು.

ಈ ‘ಆಗಲ್ಲ’ ಮುಂದಿನ ಗೊಂದಲಕ್ಕೆಲ್ಲ ಬೀಜವಾಯಿತು. ಆಗದಿದ್ದದ್ದು ಬ್ರಿಡ್ಜ್ ಮಾತ್ರ. ಆದರೆ ಎಲ್ಲರ ತಲೆಯಲ್ಲೂ ಕೂತದ್ದು, ಕಾಲೇಜಿನ ಫೈರ್‌ವಾಲ್ (ಒಳಗೆ ಹೊರಗೆ ಹೋಗುವುದನ್ನು ಸೋಸುವ ಕಾವಲು) ವರ್ಚುವಲ್ ಮೆಷಿನ್‌ಗಳನ್ನು ತಡೆಯುತ್ತದೆ ಎಂದು. ಆಮೇಲೆ ಯಾವ ತೊಂದರೆ ಬಂದರೂ ಬೆರಳು ಫೈರ್‌ವಾಲ್ ಕಡೆಗೇ ಹೋಗತೊಡಗಿತು.

ನ್ಯಾಟ್‌ಗೆ ಬದಲಾದರೂ ಬರಲಿಲ್ಲ

ಮುಂದಿನ ಹೆಜ್ಜೆ ನ್ಯಾಟ್. ಇದರಲ್ಲಿ ವರ್ಚುವಲ್ ಮೆಷಿನ್ ಹೊರಗೆ ಕಾಣುವುದೇ ಇಲ್ಲ. ಅದು ಕಳಿಸಿದ್ದನ್ನೆಲ್ಲ ವರ್ಚುವಲ್‌ಬಾಕ್ಸ್ ತೆಗೆದುಕೊಂಡು, ವಿಂಡೋಸ್‌ನ ಐಪಿ ಹೆಸರಿನಲ್ಲೇ ಹೊರಗೆ ಕಳಿಸುತ್ತದೆ. ಸ್ವಿಚ್‌ಗೆ ಕಾಣುವುದು ಒಂದೇ ಮ್ಯಾಕ್. ಫೈರ್‌ವಾಲ್‌ಗೆ ಕಾಣುವುದು ಆಗಲೇ ಲಾಗಿನ್ ಆಗಿರುವ ಕಂಪ್ಯೂಟರ್. ಇಂಥ ನೆಟ್‌ವರ್ಕಿಗೆ ಹೇಳಿ ಮಾಡಿಸಿದ ದಾರಿ, ಅಲ್ವಾ?

ಆದರೂ ಇಂಟರ್ನೆಟ್ ಬರಲಿಲ್ಲ. ಪ್ಯಾಕೇಜ್‌ಗಳ (ಉಬುಂಟುಗೆ ಹಾಕುವ ಸಾಫ್ಟ್‌ವೇರ್‌ಗಳ) ಪಟ್ಟಿ ಅಪ್‌ಡೇಟ್ ಮಾಡಿದರೆ ‘ಹೆಸರು ಬಿಡಿಸಲಾಗುತ್ತಿಲ್ಲ’ ಎನ್ನುವ ಅರ್ಥದ ಎರರ್. ಗೂಗಲ್‌ನ ಡಿಎನ್‌ಎಸ್ ಸರ್ವರ್ ಆದ 8.8.8.8ಕ್ಕೆ ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ?’ ಎಂದು ಕೇಳಿದರೆ, ಉತ್ತರವಿಲ್ಲ. ‘ನೋಡಿ, ಫೈರ್‌ವಾಲ್ ತಡೀತಿದೆ’ ಎಂದು ಎಲ್ಲರೂ ಒಪ್ಪಿಕೊಂಡರು. ನನ್ನನ್ನು ಕರೆದದ್ದು ಈ ಹಂತದಲ್ಲಿ. ಕೇಳಿದ್ದೂ ಅದನ್ನೇ: ‘ಫೈರ್‌ವಾಲ್‌ನಲ್ಲಿ ಏನು ತೆರೆಯಬೇಕು ಹೇಳಿ ಸರ್, ಬರೆದು ಕೊಡ್ತೀವಿ.’

ಒಬ್ಬ ಹುಡುಗ ಹೇಳಿದ ಮಾತು ನನಗೆ ಸುಳಿವಾಯಿತು. ‘ಸರ್, ನನ್ನ ಲ್ಯಾಪ್‌ಟಾಪಲ್ಲೂ ಇದೇ ಮೆಷಿನ್ ಇದೆ. ಮನೆಯಲ್ಲಿ ಬರುತ್ತೆ, ಮೊಬೈಲ್ ಹಾಟ್‌ಸ್ಪಾಟಲ್ಲೂ ಬರುತ್ತೆ. ಕಾಲೇಜಿನ ವೈಫೈಗೆ ಬಂದ್ರೆ ಬರಲ್ಲ. ಆದ್ರೆ ಆಗ ವಿಂಡೋಸಲ್ಲಿ ಎಲ್ಲಾ ಬರುತ್ತೆ.’

ಫೈರ್‌ವಾಲ್‌ನ ಮೇಲಿನ ಅನುಮಾನ ಇಲ್ಲಿಗೇ ಸಡಿಲಾಗಬೇಕು. ನ್ಯಾಟ್‌ನಲ್ಲಿ ಹೊರಗೆ ಹೋಗುವುದೆಲ್ಲ ವಿಂಡೋಸ್‌ನ ಹೆಸರಿನಲ್ಲಿ. ವಿಂಡೋಸ್ ಹಾದುಹೋಗುವ ಬಾಗಿಲಲ್ಲಿ ಅದೇ ಹೆಸರಿನಲ್ಲಿ ಹೋಗುವ ಇನ್ನೊಬ್ಬರನ್ನು ಫೈರ್‌ವಾಲ್ ಹೇಗೆ ತಡೆದೀತು? ಬಹುಮಟ್ಟಿಗೆ ಅದಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಮೊದಲು ಪಿಂಗ್ ವಿಷಯ ಬಗೆಹರಿಸಿಕೊಂಡೆವು. ವರ್ಚುವಲ್ ಮೆಷಿನ್ ಬಿಟ್ಟು, ವಿಂಡೋಸ್‌ನಿಂದಲೇ 8.8.8.8ಕ್ಕೆ ಪಿಂಗ್ ಮಾಡಿದೆವು. ಅಲ್ಲೂ ಉತ್ತರವಿಲ್ಲ. ಬ್ರೌಸರ್‌ನಲ್ಲಿ ಮಾತ್ರ ಎಲ್ಲ ಚೆನ್ನಾಗಿ ತೆರೆಯುತ್ತಿತ್ತು. ಅಂದರೆ ಲ್ಯಾಬಿನಿಂದ ಹೊರಗೆ ಹೋಗುವ ಪಿಂಗನ್ನೇ ಕಾಲೇಜು ಮುಚ್ಚಿತ್ತು. ಅಷ್ಟು ದಿನ ‘ಇಂಟರ್ನೆಟ್ ಇಲ್ಲ’ ಎನ್ನುವುದಕ್ಕೆ ಸಾಕ್ಷಿ ಎಂದುಕೊಂಡದ್ದು ಸಾಕ್ಷಿಯೇ ಅಲ್ಲ. ಒಂದು ಪರೀಕ್ಷೆಯನ್ನು ವರ್ಚುವಲ್ ಮೆಷಿನ್‌ನಲ್ಲಿ ಮಾಡುವ ಮೊದಲು ಹೊರಗಿನ ಕಂಪ್ಯೂಟರಿನಲ್ಲಿ ಮಾಡಿ ನೋಡುವುದಕ್ಕೆ ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ಉಳಿಸಲು ಹೋಗಿ ದಿನಗಟ್ಟಲೆ ಕಳೆದವರನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ.

ಆಮೇಲೆ ಮೆಷಿನ್ ಒಳಗೆ ಒಂದೊಂದೇ ಮೆಟ್ಟಿಲು. ಐಪಿ ಬಂದಿದೆಯಾ? ಬಂದಿದೆ, 10.0.2.15. ಹೊರಗೆ ಹೋಗುವ ದಾರಿ ಗೊತ್ತಾ? ಗೊತ್ತು, ಗೇಟ್‌ವೇ 10.0.2.2. ಎರಡೂ ವರ್ಚುವಲ್‌ಬಾಕ್ಸ್‌ನ ನ್ಯಾಟ್ ಎಲ್ಲ ಕಡೆ ಕೊಡುವ ವಿಳಾಸಗಳೇ. ಹೊರಗಿನ ಒಂದು ವೆಬ್ ಸರ್ವರಿಗೆ ಹೆಸರು ಬಿಟ್ಟು ಐಪಿ ಅಂಕಿಯಿಂದಲೇ ಸಂಪರ್ಕ ಮಾಡಿದರೆ? ಆಯಿತು! ಕೋಣೆಯಲ್ಲಿದ್ದವರೆಲ್ಲ ಪರದೆಯ ಹತ್ತಿರ ಬಂದರು. ಇಂಟರ್ನೆಟ್ ಮೊದಲಿನಿಂದಲೂ ಬರುತ್ತಿತ್ತು. ಬರದೇ ಇದ್ದದ್ದು ಹೆಸರಿನಿಂದ ವಿಳಾಸ ಹುಡುಕುವ ಕೆಲಸ ಮಾತ್ರ.

ಎರಡು 10.0.2

ಡಿಎನ್‌ಎಸ್ ಎಂದ ಕೂಡಲೇ ಎಲ್ಲರೂ ಹೇಳುವ ಮದ್ದು ಒಂದೇ: ‘8.8.8.8 ಹಾಕಿ.’ ಅದನ್ನೂ ಹಾಕಿ ನೋಡಿದ್ದರಂತೆ. ಹೊರಗಿನ ಡಿಎನ್‌ಎಸ್‌ಗೆ ಕಾಲೇಜಿನಲ್ಲಿ ಅನುಮತಿ ಇಲ್ಲದ ಕಾರಣ ಅದು ನಡೆದಿರಲಿಲ್ಲ. ಬರೆದದ್ದು ಮೆಷಿನ್ ರೀಸ್ಟಾರ್ಟ್ ಆದ ಮೇಲೆ ಅಳಿಸಿಯೂ ಹೋಗುತ್ತಿತ್ತು. ಉಬುಂಟುವಿನಲ್ಲಿ ಡಿಎನ್‌ಎಸ್ ವಿಳಾಸ ಬರೆಯುವ ಫೈಲನ್ನು ಸಿಸ್ಟಮ್‌ಡಿಯ ರಿಸಾಲ್ವ್‌ಡ್ ಎನ್ನುವ ಸೇವೆ ನೋಡಿಕೊಳ್ಳುತ್ತದೆ. ಕೈಯಲ್ಲಿ ಬರೆದದ್ದು ಅಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಮೆಷಿನ್ ಯಾವ ಡಿಎನ್‌ಎಸ್ ಸರ್ವರನ್ನು ಕೇಳುತ್ತಿತ್ತು? ನೋಡಿದರೆ 10.0.2.20.

ಈ ಅಂಕಿ ಎಲ್ಲಿಂದ ಬಂತು? ವರ್ಚುವಲ್‌ಬಾಕ್ಸ್‌ನ ನ್ಯಾಟ್, ವಿಂಡೋಸ್ ಬಳಸುತ್ತಿರುವ ಡಿಎನ್‌ಎಸ್ ವಿಳಾಸವನ್ನೇ ಒಳಗಿನ ಮೆಷಿನ್‌ಗೂ ದಾಟಿಸುತ್ತದೆ. ವಿಂಡೋಸ್‌ಗೆ ಕಾಲೇಜು ಕೊಟ್ಟಿದ್ದ ಡಿಎನ್‌ಎಸ್ 10.0.2.20. ಅಡ್ಮಿನ್‌ರನ್ನು ಕೇಳಿದೆ. ‘ಹೌದು ಸರ್, ಸರ್ವರ್ ರೂಮಿನವೆಲ್ಲ 10.0.2ರಲ್ಲೇ ಇವೆ. ಲ್ಯಾಬುಗಳು ಬೇರೆ ಸಾಲಲ್ಲಿವೆ’ ಎಂದರು.

ಗಂಟು ಬಿಚ್ಚಿತು. ವರ್ಚುವಲ್‌ಬಾಕ್ಸ್ ತನ್ನ ಒಳಗಿನ ಪುಟ್ಟ ನೆಟ್‌ವರ್ಕಿಗೂ 10.0.2.0 ಸಾಲನ್ನೇ, ಅಂದರೆ 10.0.2ರಿಂದ ಶುರುವಾಗುವ ವಿಳಾಸಗಳನ್ನೇ, ಬಳಸುತ್ತದೆ. ಎರಡು ಬೇರೆ ಬೇರೆ ವಠಾರಗಳಲ್ಲೂ 20ನೇ ನಂಬರಿನ ಮನೆ ಇದೆ ಎಂದುಕೊಳ್ಳಿ. ಈ ವಠಾರದ ಹುಡುಗನಿಗೆ ‘20ನೇ ಮನೆಗೆ ಹೋಗಿ ಕೇಳಿಕೊಂಡು ಬಾ’ ಎಂದರೆ ಅವನು ತನ್ನ ವಠಾರದೊಳಗೇ ಹುಡುಕುತ್ತಾನೆ, ಗೇಟ್ ದಾಟುವುದೇ ಇಲ್ಲ. ವರ್ಚುವಲ್ ಮೆಷಿನ್ ಮಾಡುತ್ತಿದ್ದದ್ದೂ ಇದೇ. 10.0.2.20 ತನ್ನ ಪಕ್ಕದಲ್ಲೇ ಇದೆ ಎಂದುಕೊಂಡು ಒಳಗೇ ಕೂಗುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಪ್ರಶ್ನೆ ವಿಂಡೋಸ್‌ವರೆಗೂ ಬರುತ್ತಿರಲಿಲ್ಲ, ಫೈರ್‌ವಾಲ್ ಇನ್ನೂ ದೂರದ ಮಾತು. ಮೆಷಿನ್‌ನ ನೆರೆಹೊರೆ ಪಟ್ಟಿ ತೆಗೆದು ನೋಡಿದಾಗ 10.0.2.20ರ ಮುಂದೆ ಮ್ಯಾಕ್ ವಿಳಾಸವೇ ಇರಲಿಲ್ಲ. ಸೋತಿದೆ ಎಂದಷ್ಟೇ ಇತ್ತು.

ಮನೆಯಲ್ಲಿ ಯಾಕೆ ಬರುತ್ತಿತ್ತು ಎನ್ನುವುದಕ್ಕೂ ಉತ್ತರ ಸಿಕ್ಕಿತು. ಮನೆಯ ರೌಟರ್‌ಗಳು ಸಾಮಾನ್ಯವಾಗಿ 192.168.0 ಅಥವಾ 192.168.1 ಸಾಲಿನಲ್ಲಿರುತ್ತವೆ. ಅಲ್ಲಿ ಈ ಢಿಕ್ಕಿ ಇಲ್ಲ.

ಇದರಲ್ಲಿ ಯಾರ ತಪ್ಪನ್ನೂ ನಾನು ಕಾಣೆ. 1996ರ ಆರ್‌ಎಫ್‌ಸಿ 1918 ಎನ್ನುವ ಇಂಟರ್ನೆಟ್ ದಾಖಲೆ ಮೂರು ವಿಳಾಸ ಗುಂಪುಗಳನ್ನು ಖಾಸಗಿ ಬಳಕೆಗೆಂದು ಬಿಟ್ಟುಕೊಟ್ಟಿದೆ: 10ರಿಂದ ಶುರುವಾಗುವ ದೊಡ್ಡ ಗುಂಪು, 172.16ರಿಂದ 172.31ರವರೆಗಿನದು, ಮತ್ತೆ 192.168ರದು. 10ರ ಗುಂಪೊಂದರಲ್ಲೇ 1.67 ಕೋಟಿಗೂ ಹೆಚ್ಚು ವಿಳಾಸಗಳಿವೆ. ಯಾರು ಬೇಕಾದರೂ ಬಳಸಬಹುದು, ಯಾರನ್ನೂ ಕೇಳಬೇಕಿಲ್ಲ. ಆದರೆ ಮನುಷ್ಯರು ಆರಿಸುವುದು 10.0.0, 10.0.1, 10.0.2 ಎಂಬ ಮೊದಲ ಅಂಕಿಗಳನ್ನೇ. ಸಾಫ್ಟ್‌ವೇರ್ ಬರೆದವರೂ ಮನುಷ್ಯರೇ.

ಯಾವ ಪರಿಹಾರ?

ಇಲ್ಲಿ ಎರಡು ದಾರಿ ಇದ್ದವು. ಎರಡರಿಂದಲೂ ಆ ಕ್ಷಣದ ಕೆಲಸ ಆಗುತ್ತಿತ್ತು.

ಒಂದು, ವರ್ಚುವಲ್‌ಬಾಕ್ಸ್‌ನ ಡಿಎನ್‌ಎಸ್ ಪ್ರಾಕ್ಸಿ ಆನ್ ಮಾಡುವುದು. ಆಗ ಮೆಷಿನ್ 10.0.2.3 ಎನ್ನುವ ಒಳಗಿನ ವಿಳಾಸವನ್ನು ಕೇಳುತ್ತದೆ. ಆ ಪ್ರಶ್ನೆಯನ್ನು ವರ್ಚುವಲ್‌ಬಾಕ್ಸ್ ಹೊರಗಿನ ಡಿಎನ್‌ಎಸ್‌ಗೆ ಒಯ್ದು ಕೊಡುತ್ತದೆ. ಇನ್ನೊಂದು, ಒಳಗಿನ ನೆಟ್‌ವರ್ಕಿನ ವಿಳಾಸದ ಸಾಲನ್ನೇ ಬದಲಿಸುವುದು.

ಮೇಡಂಗೆ ಮೊದಲನೆಯದು ಹಿಡಿಸಿತು. ಚಿಕ್ಕ ಬದಲಾವಣೆ, ವಿಳಾಸಗಳು ಪುಸ್ತಕದಲ್ಲಿರುವ ಹಾಗೇ ಉಳಿಯುತ್ತವೆ. ನಾನು ಎರಡನೆಯದಕ್ಕೆ ಪಟ್ಟು ಹಿಡಿದೆ. ಕಾರಣ ಇತ್ತು. ಉಬುಂಟು ಪ್ಯಾಕೇಜ್‌ಗಳ ಒಂದು ಪ್ರತಿಯನ್ನು ಕಾಲೇಜು ತನ್ನದೇ ಸರ್ವರ್‌ನಲ್ಲಿ ಇಟ್ಟುಕೊಂಡಿತ್ತು. ಇಡೀ ಲ್ಯಾಬು ಒಟ್ಟಿಗೆ ಅಪ್‌ಡೇಟ್ ಮಾಡಿದಾಗ ಹೊರಗಿನ ಲೈನ್ ಕುಸಿಯಬಾರದೆಂದು ಮಾಡಿದ ಒಳ್ಳೆಯ ವ್ಯವಸ್ಥೆ. ಆ ಸರ್ವರ್ ಇದ್ದದ್ದೂ 10.0.2ರಲ್ಲೇ. ಡಿಎನ್‌ಎಸ್ ಪ್ರಾಕ್ಸಿ ಹಾಕಿದರೆ ಹೆಸರು ಬಿಡಿಸುತ್ತದೆ ನಿಜ. ಆದರೆ ಬಿಡಿಸಿ ಬಂದ ವಿಳಾಸಕ್ಕೆ ಹೋಗಲು ಮತ್ತೆ ಅದೇ ಢಿಕ್ಕಿ. ಆಗ ಗೂಗಲ್ ಬರುತ್ತದೆ, ಕಾಲೇಜಿನ ಸರ್ವರ್ ಬರುವುದಿಲ್ಲ. ಈ ಅರೆಬರೆ ಸ್ಥಿತಿಯಲ್ಲಿ ಕಾರಣ ಹುಡುಕುವುದು ಇನ್ನೂ ಕಷ್ಟ.

ಹೊಸ ಸಾಲಿಗೆ 192.168.210.0 ಆರಿಸಿದೆವು. 192.168.0 ಮತ್ತು 192.168.1 ಬೇಡ ಎಂದೆ, ಲ್ಯಾಪ್‌ಟಾಪ್ ಮನೆಗೆ ಹೋದಾಗ ಇದೇ ಕಥೆ ತಿರುಗಾ ಶುರುವಾಗುತ್ತದೆ. 192.168.56 ವರ್ಚುವಲ್‌ಬಾಕ್ಸ್‌ನ ಹೋಸ್ಟ್ ಓನ್ಲಿ ನೆಟ್‌ವರ್ಕಿಗೆ (ಆ ಕಂಪ್ಯೂಟರ್ ಮತ್ತು ಅದರೊಳಗಿನ ಮೆಷಿನ್‌ಗಳ ನಡುವಿನದಕ್ಕೆ) ಬೇಕು. 172.17 ಡಾಕರ್ ಎನ್ನುವ ಇನ್ನೊಂದು ಸಾಫ್ಟ್‌ವೇರ್ ಬಳಸುತ್ತದೆ, ಮುಂದಿನ ಸೆಮಿಸ್ಟರ್‌ನಲ್ಲಿ ಅದೂ ಇತ್ತು. ಕಾಲೇಜಿನಲ್ಲಿ 192.168.210 ಎಲ್ಲೂ ಇಲ್ಲವೆಂದು ಅಡ್ಮಿನ್ ನೋಡಿ ಹೇಳಿದರು. ಈ ಬದಲಾವಣೆಗೆ ಸೆಟ್ಟಿಂಗ್ಸ್ ಕಿಟಕಿಯಲ್ಲಿ ಜಾಗ ಸಿಗಲಿಲ್ಲ. ಮೆಷಿನ್ ಆಫ್ ಮಾಡಿ, ವಿಬಾಕ್ಸ್‌ಮ್ಯಾನೇಜ್ ಕಮಾಂಡಿನಿಂದ ಮಾಡಿದೆವು. ಮತ್ತೆ ಆನ್ ಮಾಡಿದಾಗ ಐಪಿ 192.168.210.15, ಗೇಟ್‌ವೇ 192.168.210.2. ಅಪ್‌ಡೇಟ್ ಮೊದಲ ಸಲವೇ ಓಡಿತು. ಫೈರ್‌ವಾಲ್‌ನಲ್ಲಿ ಒಂದು ಅಕ್ಷರವನ್ನೂ ಬದಲಿಸಲಿಲ್ಲ.

ಅಡ್ಮಿನ್‌ಗೆ ಒಂದು ಚಿಂತೆ ಉಳಿದಿತ್ತು. ವರ್ಚುವಲ್ ಮೆಷಿನ್‌ನಿಂದ ಯಾರಾದರೂ ಏನಾದರೂ ಮಾಡಿದರೆ ಲಾಗ್‌ನಲ್ಲಿ ಗೊತ್ತಾಗುತ್ತದಾ? ನ್ಯಾಟ್ ಇಲ್ಲಿ ಅವರ ಪರವಾಗಿಯೇ ಇತ್ತು. ಒಳಗಿನಿಂದ ಹೋದದ್ದೆಲ್ಲ ಆ ಕಂಪ್ಯೂಟರಿನಲ್ಲಿ ಲಾಗಿನ್ ಆದ ವಿದ್ಯಾರ್ಥಿಯ ಹೆಸರಿಗೇ ಬೀಳುತ್ತದೆ. ಇದನ್ನು ಕೇಳಿದ ಮೇಲೆ ‘ಆಗಲ್ಲ’ ಎಂದಿದ್ದವರೇ ಮುಂದೆ ನಿಂತು ಉಳಿದದ್ದಕ್ಕೆ ನೆರವಾದರು.

ಒಂದೇ ಐಪಿಯ ಎರಡು ಮೆಷಿನ್

ಎರಡನೇ ಪ್ರಯೋಗಕ್ಕೆ ಎರಡು ಮೆಷಿನ್ ಪರಸ್ಪರ ಮಾತಾಡಬೇಕು. ಬರೀ ನ್ಯಾಟ್‌ನಲ್ಲಿ ಪ್ರತಿ ಮೆಷಿನ್‌ಗೂ ಬೇರೆ ಬೇರೆ ಪ್ರಪಂಚ, ಒಂದಕ್ಕೊಂದು ಕಾಣುವುದಿಲ್ಲ. ಎಲ್ಲದಕ್ಕೂ 15ಕ್ಕೆ ಕೊನೆಯಾಗುವ ಅದೇ ವಿಳಾಸ. ಹಾಗಾಗಿ ಪ್ರತಿ ಮೆಷಿನ್‌ಗೂ ಎರಡನೇ ಅಡಾಪ್ಟರ್ ಕೊಟ್ಟೆವು. ಮೊದಲನೆಯದು ನ್ಯಾಟ್, ಇಂಟರ್ನೆಟ್‌ಗೆ. ಎರಡನೆಯದು ಹೋಸ್ಟ್ ಓನ್ಲಿ, ಮೆಷಿನ್‌ಗಳ ನಡುವಿನ ಮಾತಿಗೆ ಮತ್ತು ವಿಂಡೋಸ್‌ನಿಂದ ಒಳಗೆ ಲಾಗಿನ್ ಆಗುವುದಕ್ಕೆ. ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ಇರುವ ನೆಟ್‌ಪ್ಲಾನ್ ಫೈಲಿನಲ್ಲಿ ಎರಡನೇ ಅಡಾಪ್ಟರ್ ಹೆಸರನ್ನೂ ಸೇರಿಸಬೇಕು. ಸೇರಿಸದಿದ್ದರೆ ಅದು ಐಪಿ ಇಲ್ಲದೆ ಸುಮ್ನೆ ಕೂತಿರುತ್ತದೆ.

ಅಡಾಪ್ಟರ್ ಸರಿಯಾಯಿತು. ಆದರೆ ಎರಡು ಮೆಷಿನ್‌ಗಳೂ 192.168.56.101 ಎಂದೇ ತೋರಿಸತೊಡಗಿದವು. ಒಂದು ಮೂಲ ಮೆಷಿನ್ ಮಾಡಿ, ಅದನ್ನೇ ಎಲ್ಲ ಕಡೆ ಕ್ಲೋನ್ ಮಾಡಿದ್ದರು. ಕ್ಲೋನ್ ಮಾಡುವಾಗ ಹೊಸ ಮ್ಯಾಕ್ ವಿಳಾಸ ಕೊಡುವ ಆಯ್ಕೆಯನ್ನೂ ಆರಿಸಿದ್ದರು. ನೋಡಿದರೆ ಮ್ಯಾಕ್ ಬೇರೆ ಬೇರೆಯೇ ಇದ್ದವು. ಮತ್ತೆ ಐಪಿ ಹೇಗೆ ಒಂದೇ?

ಮ್ಯಾಕ್ ಬೇರೆಯಾದರೆ ಐಪಿ ಬೇರೆ ಎನ್ನುವುದು ಹಳೆಯ ರೂಢಿ. ಈಗಿನ ಉಬುಂಟು ಸರ್ವರ್ ಐಪಿ ಕೇಳುವಾಗ ಮ್ಯಾಕ್‌ನಿಂದ ಗುರುತು ಹೇಳಿಕೊಳ್ಳುವುದಿಲ್ಲ. ಮೆಷಿನ್ ಐಡಿ ಎನ್ನುವ ಫೈಲಿನಿಂದ ಹುಟ್ಟಿಸಿದ ಗುರುತನ್ನು ಹೇಳುತ್ತದೆ. ಕ್ಲೋನ್ ಮಾಡಿದಾಗ ಆ ಫೈಲೂ ಹಾಗೇ ನಕಲಾಗುತ್ತದೆ. ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್ ಎರಡನ್ನೂ ಒಂದೇ ಮೆಷಿನ್ ಎಂದುಕೊಂಡು, ಅದೇ ಐಪಿ ಕೊಡುತ್ತದೆ.

ನೆಟ್‌ಪ್ಲಾನ್‌ನಲ್ಲಿ ‘ಮ್ಯಾಕ್‌ನಿಂದಲೇ ಗುರುತು ಹೇಳು’ ಎಂದು ಬರೆದರೂ ಆಗುತ್ತದೆ. ನಾವು ಮೂಲ ಮೆಷಿನ್‌ನಲ್ಲೇ ಮೆಷಿನ್ ಐಡಿ ಫೈಲನ್ನು ಖಾಲಿ ಮಾಡಿ, ಆಫ್ ಮಾಡಿ, ಆಮೇಲೆ ಕ್ಲೋನ್ ಮಾಡಿದೆವು. ಫೈಲನ್ನು ಅಳಿಸಲಿಲ್ಲ, ಖಾಲಿ ಮಾಡಿದೆವು ಅಷ್ಟೇ. ಪ್ರತಿ ನಕಲೂ ಮೊದಲ ಸಲ ಆನ್ ಆದಾಗ ತನಗೊಂದು ಹೊಸ ಐಡಿ ಮಾಡಿಕೊಳ್ಳುತ್ತದೆ. ಐಪಿಗೆ ಮಾತ್ರವಲ್ಲ, ಮೆಷಿನ್ ಐಡಿ ನಂಬಿಕೊಂಡ ಬೇರೆ ಕೆಲಸಗಳಿಗೂ ಇದೇ ಒಳ್ಳೆಯದು.

ಸರ್ಟಿಫಿಕೇಟ್

ಇಷ್ಟಾದ ಮೇಲೆ ಪ್ಯಾಕೇಜ್‌ಗಳು ಇಳಿಯುತ್ತಿದ್ದವು, ಗಿಟ್ ಮಾತ್ರ ಸರ್ಟಿಫಿಕೇಟ್ (ಸರ್ವರಿನ ಗುರುತಿನ ಚೀಟಿ) ನಂಬಲಾಗುವುದಿಲ್ಲ ಎನ್ನುತ್ತಿತ್ತು. ಈ ಸಲ ನಿಜಕ್ಕೂ ಫೈರ್‌ವಾಲ್‌ದೇ ಕೆಲಸ. ಎಚ್‌ಟಿಟಿಪಿಎಸ್ ಎನ್ನುವ ಗುಟ್ಟಾದ ಸಂಪರ್ಕಗಳನ್ನು ಅದು ನಡುವೆ ಬಿಚ್ಚಿ ನೋಡಿ, ತನ್ನದೇ ಸರ್ಟಿಫಿಕೇಟ್ ಹಾಕಿ ಮುಂದೆ ಕಳಿಸುತ್ತಿತ್ತು. ವಿಂಡೋಸ್‌ಗಳಲ್ಲಿ ಕಾಲೇಜಿನ ಸರ್ಟಿಫಿಕೇಟನ್ನು ಮೊದಲೇ ಹಾಕಿದ್ದರು, ಹಾಗಾಗಿ ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ವರ್ಚುವಲ್ ಮೆಷಿನ್‌ಗೆ ಆ ಪರಿಚಯವಿಲ್ಲ. ಉಬುಂಟು ಪ್ಯಾಕೇಜ್‌ಗಳು ಸಾಮಾನ್ಯ ಎಚ್‌ಟಿಟಿಪಿಯಲ್ಲಿ ಬರುತ್ತವೆ, ಸಾಚಾತನವನ್ನು ಡಿಜಿಟಲ್ ಸಹಿಯಿಂದ ನೋಡಿಕೊಳ್ಳುತ್ತವೆ. ಅದಕ್ಕೇ ಅವಕ್ಕೆ ತೊಂದರೆ ಆಗಿರಲಿಲ್ಲ.

ಹುಡುಗರು ಆಗಲೇ ಒಂದು ಉಪಾಯ ಹುಡುಕಿಕೊಂಡಿದ್ದರು: ಗಿಟ್‌ನಲ್ಲಿ ಸರ್ಟಿಫಿಕೇಟ್ ತಪಾಸಣೆಯನ್ನೇ ಆಫ್ ಮಾಡುವುದು. ಇದಕ್ಕೆ ಮಾತ್ರ ನಾನು ಒಪ್ಪಲಿಲ್ಲ, ಮೇಡಂ ಕೂಡ ಒಪ್ಪಲಿಲ್ಲ. ಲ್ಯಾಬಿನಲ್ಲಿ ಕಲಿತದ್ದು ಕೈಗೆ ಅಂಟಿಕೊಳ್ಳುತ್ತದೆ. ನಾಳೆ ಕೆಲಸಕ್ಕೆ ಸೇರಿದ ಮೇಲೂ ಸರ್ಟಿಫಿಕೇಟ್ ಎರರ್ ಕಂಡ ಕೂಡಲೇ ಅದನ್ನು ಆಫ್ ಮಾಡಲು ಕೈ ಹೋಗುತ್ತದೆ. ಅಡ್ಮಿನ್‌ರಿಂದ ಸರ್ಟಿಫಿಕೇಟ್ ಫೈಲ್ ತೆಗೆದುಕೊಂಡು, ಸಿಆರ್‌ಟಿ ಎಂದು ಕೊನೆಯಾಗುವ ಹೆಸರು ಕೊಟ್ಟು, ಉಬುಂಟುವಿನ ಸ್ಥಳೀಯ ಸರ್ಟಿಫಿಕೇಟ್ ಫೋಲ್ಡರಿನಲ್ಲಿ ಇಟ್ಟು, ಪಟ್ಟಿಯನ್ನು ಹೊಸದು ಮಾಡಿದೆವು. ಗಿಟ್ ಓಡಿತು. ಮೂಲ ಮೆಷಿನ್‌ನಲ್ಲೇ ಮಾಡಿದ್ದರಿಂದ ಎಲ್ಲ ನಕಲುಗಳಿಗೂ ಬಂತು. ಕಾಲೇಜಿನ ಸರ್ಟಿಫಿಕೇಟ್ ಇದರಲ್ಲಿದೆ ಎಂದು ವಿದ್ಯಾರ್ಥಿಗಳಿಗೆ ಬಾಯಿಬಿಟ್ಟು ಹೇಳಬೇಕೆಂದೂ ನಿರ್ಧರಿಸಿದೆವು. ಮೆಷಿನನ್ನು ಮನೆಗೆ ಒಯ್ಯುವವರು ಅದನ್ನು ತೆಗೆಯುವ ಕ್ರಮ ಪ್ರಯೋಗದ ಹಾಳೆಯಲ್ಲೇ ಇದೆ.

ಈಗ ಹೇಗಿದೆ

ಮೂಲ ಮೆಷಿನ್ ಒಂದೇ. ಅದರಲ್ಲಿ ಏನೇನು ಬದಲಿಸಿದೆ, ಯಾಕೆ ಎನ್ನುವ ಒಂದು ಪುಟ ಮೇಡಂ ಹತ್ತಿರವೂ ಅಡ್ಮಿನ್ ಹತ್ತಿರವೂ ಇದೆ. 192.168.210 ಸಾಲನ್ನು ಬೇರೆ ಯಾವುದಕ್ಕೂ ಕೊಡಬಾರದೆಂದು ಅಡ್ಮಿನ್ ತಮ್ಮ ವಿಳಾಸ ಪಟ್ಟಿಯಲ್ಲಿ ಬರೆದುಕೊಂಡಿದ್ದಾರೆ. ಇಂಟರ್ನೆಟ್ ಬರದಿದ್ದರೆ ಹುಡುಗರು ಈಗ ಮೊದಲು ಮಾಡುವುದು ಅದೇ ಪರೀಕ್ಷೆಯನ್ನು ವಿಂಡೋಸ್‌ನಲ್ಲಿ. ಆಮೇಲೆ ಐಪಿ, ಗೇಟ್‌ವೇ, ಅಂಕಿಯಿಂದ ಸಂಪರ್ಕ, ಕೊನೆಗೆ ಹೆಸರು. ಎಲ್ಲಿ ನಿಂತಿತು ಎಂದು ಹೇಳಿಯೇ ಮೇಡಂ ಹತ್ತಿರ ಬರಬೇಕು.

ಕೊನೆಗೆ ಬಂದ ಬೇಡಿಕೆ, ತಮ್ಮ ವರ್ಚುವಲ್ ಮೆಷಿನ್‌ನಲ್ಲಿ ಮಾಡಿದ ವೆಬ್ ಪುಟವನ್ನು ಪಕ್ಕದ ಕಂಪ್ಯೂಟರಿನವರಿಗೂ ತೋರಿಸಬೇಕು ಎಂದು. ನ್ಯಾಟ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಇದೆ. ಇಲ್ಲಿ ಪೋರ್ಟ್ ಎಂದರೆ ಸ್ವಿಚ್‌ನದ್ದಲ್ಲ, ಸಾಫ್ಟ್‌ವೇರ್‌ಗಳು ಬಳಸುವ ಬಾಗಿಲಿನ ನಂಬರ್. ವಿಂಡೋಸ್‌ನ 8080ಕ್ಕೆ ಬಂದದ್ದನ್ನು ಒಳಗಿನ 80ಕ್ಕೆ ಕಳಿಸು ಎಂದು ಬರೆದರೆ ಸಾಕು. ಹೋಸ್ಟ್ ಐಪಿ ಎನ್ನುವ ಜಾಗವನ್ನು ಖಾಲಿ ಬಿಟ್ಟರೆ ಆ ಪೋರ್ಟ್ ಇಡೀ ನೆಟ್‌ವರ್ಕಿಗೆ ತೆರೆದುಕೊಳ್ಳುತ್ತದೆ. 127.0.0.1 ಹಾಕಿದರೆ ಆ ಕಂಪ್ಯೂಟರಿನಲ್ಲಿ ಮಾತ್ರ ಕಾಣುತ್ತದೆ. ಸದ್ಯಕ್ಕೆ ಎಲ್ಲರೂ 127.0.0.1 ಹಾಕುತ್ತಾರೆ. ಪ್ರಾಜೆಕ್ಟ್ ತೋರಿಸುವ ದಿನ ಆ ಲ್ಯಾಬಿನ ಸಾಲಿಗೆ ಮಾತ್ರ ತೆರೆದು, ಸಂಜೆ ಮುಚ್ಚುವುದಕ್ಕೆ ಅಡ್ಮಿನ್ ಒಪ್ಪಿದ್ದಾರೆ.